ಕೆರೆ ಸುತ್ತುವ ಶನಿವಾರದ ಬಸ್ಸು

ಬಸ್ಸು ಹೊರಡುವ ಮುಂಚೆ ಡ್ರೈವರಾದವಳು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಟೈರು, ನಟ್ಟು, ದೀಪ, ಕನ್ನಡಿ, ವೈಪರು, ಗಾಲಿಕುರ್ಚಿಯನ್ನು ಮೇಲೆತ್ತುವ ಲಿಫ್ಟು, ಬೆಂಕಿ ಆರಿಸುವ ಸಿಲಿಂಡರು, ಎಲ್ಲವನ್ನೂ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ, ಆಮೇಲೆ ಸೀಟಿನಲ್ಲಿ ಕೂರಬೇಕು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ಇದನ್ನು ಕಲಿಸುತ್ತಾ, "ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತಿ, ಯಾವುದೂ ಬಿಟ್ಟುಹೋಗೋದಿಲ್ಲ" ಎಂದಿದ್ದರು. ದೇವಸ್ಥಾನ ಸುತ್ತಿ ಅಭ್ಯಾಸವಿದ್ದವಳಿಗೆ ದಿಕ್ಕು ಹೇಳಿಕೊಡಬೇಕಾಗಲಿಲ್ಲ.

ನಮ್ಮದು ಹದಿನಾರು ಸೀಟಿನ ಪುಟ್ಟ ಬಸ್ಸು. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ದೊಡ್ಡ ಬಸ್ಸು ನುಗ್ಗದ ಕಡೆ ಇಂಥವು ಓಡುತ್ತವೆ. ಹಿಂದಿನ ದಿನ ಆಫೀಸಿಗೆ ಫೋನ್ ಮಾಡಿ ಹೇಳಿಟ್ಟರೆ ಮನೆ ಬಾಗಿಲಿಗೇ ಹೋಗಿ ಹತ್ತಿಸಿಕೊಳ್ಳುತ್ತೇವೆ, ಹೇಳಿದ ಬಾಗಿಲಿನಲ್ಲೇ ಇಳಿಸುತ್ತೇವೆ. ನಾನಿರುವ ಊರಿಗೆ ಅಂಟಿಕೊಂಡು ಒಂದು ಸರೋವರವಿದೆ. ಮೋಡ ಕವಿದರೆ ಆಚೆ ದಡ ಕಾಣುವುದಿಲ್ಲ, ಅಷ್ಟು ದೊಡ್ಡದು. ಆದರೂ ನಾವು ಕನ್ನಡದವರು ಅದನ್ನು ಕೆರೆ ಎಂದೇ ಕರೆಯುವುದು. ಆಸ್ಪತ್ರೆಯ ಡಾಕ್ಟರುಗಳು, ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವರು, ನಮ್ಮ ಯಜಮಾನರ ಹಾಗೆ ಔಷಧಿ ಕಾರ್ಖಾನೆಯಲ್ಲಿರುವವರು, ಹೀಗೆ ಒಂದಷ್ಟು ಮನೆಗಳು ಕೆರೆಯ ಸುತ್ತ ಚೆಲ್ಲಿಕೊಂಡಿವೆ.

ನಾನು ಬದಲಿ ಡ್ರೈವರ್. ಅಂದರೆ ಬೇರೆ ಯಾರಿಗಾದರೂ ನೆಗಡಿಯಾದರೆ ನನಗೆ ಕೆಲಸ. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಆಫೀಸಿನವರು ಶನಿವಾರ ಸಂಜೆಗೊಂದು ಟ್ರಿಪ್ ಶುರು ಮಾಡಿದರು, ಪ್ರಯೋಗಕ್ಕೆ. ಅದು ನನ್ನ ಪಾಲಿಗೆ ಬಂತು. ನನ್ನದೇ ಅಂತ ಹೇಳಿಕೊಳ್ಳಬಹುದಾದ ಮೊದಲ ರೂಟು. ಜನ ಹತ್ತಿದರೆ ಉಳಿಯುತ್ತದೆ, ಹತ್ತದಿದ್ದರೆ ಅಕ್ಟೋಬರ್ ಮುಗಿಯುತ್ತಲೇ ನಿಲ್ಲುತ್ತದೆ, ನಾನು ಮತ್ತೆ ನೆಗಡಿ ಕಾಯುತ್ತಾ ಕೂರಬೇಕಾಗುತ್ತದೆ ಎಂದು ಮ್ಯಾನೇಜರ್ ಮೊದಲೇ ಬಿಡಿಸಿ ಹೇಳಿದ್ದರು.

ಜನ ಹತ್ತಲಿಲ್ಲ. ಹತ್ತುತ್ತಿದ್ದವರು ಒಬ್ಬರೇ, ಕೆರೆಯ ಆಚೆ ದಡದ ಒಬ್ಬ ಮುದುಕರು. ಕಣ್ಣಿನ ಪೊರೆಯ ದೆಸೆಯಿಂದ ಅವರ ಲೈಸೆನ್ಸು ಹೋಗಿತ್ತು. ಶನಿವಾರ ಎಂಟಕ್ಕೆ ಚರ್ಚಿನ ಹಾಲಿನಲ್ಲಿ ಇಸ್ಪೀಟಿನ ಪಂದ್ಯ. ಅದೊಂದೇ ಅವರ ವಾರದ ತಿರುಗಾಟ. ಇಸ್ತ್ರಿ ಮಾಡಿದ ಕೋಟು ತೊಟ್ಟು, ನನ್ನ ಪಕ್ಕದ ಮುಂದಿನ ಸೀಟಿನಲ್ಲಿ ಕೂತು, "ಇವತ್ತೂ ನಾವಿಬ್ಬರೇನಾ?" ಎಂದು ಕೇಳುವರು. "ನಾವಿಬ್ಬರೇ." "ಗ್ರ್ಯಾಂಡ್. ಸದ್ದು ಕಡಿಮೆ." ಬಸ್ಸು ನಿಂತರೆ ಅವರ ಇಸ್ಪೀಟೂ ನಿಂತಿತು ಎಂಬುದು ಅವರಿಗೂ ಗೊತ್ತಿತ್ತು. ಆ ಮಾತು ಬಂದಾಗ ಮಾತ್ರ ಕಿಟಕಿಯ ಕಡೆ ತಿರುಗಿಬಿಡುವರು.

ನಮ್ಮವರು ಯಾಕೆ ಹತ್ತಬಾರದು? ತಿರುಗಾಟಕ್ಕೆ ನಮ್ಮವರಿಗೆ ಕಡಿಮೆಯೇನಿಲ್ಲ. ನಾಮಕರಣ, ಹುಟ್ಟುಹಬ್ಬ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಊರಿಂದ ಯಾರದೋ ಅಪ್ಪ ಅಮ್ಮ ಬಂದಿದ್ದಕ್ಕೆ ಊಟ, ಅವರು ಹೊರಟಿದ್ದಕ್ಕೆ ಇನ್ನೊಂದು ಊಟ. ಶನಿವಾರ ಸಂಜೆ ಬಿಡುವಾಗಿದ್ದೇನೆ ಎಂದು ಯಾರಾದರೂ ಹೇಳಿದರೆ ಅವರಿಗೆ ಜ್ವರ ಬಂದಿದೆ ಎಂದೇ ತಿಳಿಯಬೇಕು. ಆದರೆ ಎಲ್ಲರೂ ಅವರವರ ಕಾರಿನಲ್ಲಿ ಹೋಗುವವರು. ಮನೆಯೊಂದಕ್ಕೆ ಹತ್ತು ಕಾರು ಬಂದು, ಒಂದೇ ಗಾಡಿ ಹಿಡಿಸುವ ಓಣಿಯಲ್ಲಿ ಸಾಲಾಗಿ ನಿಂತು, ಪಕ್ಕದ ತೋಟದವನ ಟ್ರ್ಯಾಕ್ಟರು ದಾರಿಯಿಲ್ಲದೆ ಹಾರ್ನ್ ಹೊಡೆಯುತ್ತಾ ನಿಲ್ಲುವುದು ಮಾಮೂಲು. ಹಿಂದಿನ ದಸರೆಯಲ್ಲಿ ಒಂದು ಕಾರು ಚರಂಡಿಗಿಳಿದು, ರೇಷ್ಮೆ ಸೀರೆಯವರೆಲ್ಲ ಸೇರಿ ತಳ್ಳಿದ್ದರು.

ಹಾಗಾಗಿ ದಸರೆ ಹತ್ತಿರ ಬಂದಾಗ ನಾನು ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಹಾಕಿದೆ. ಗೊಂಬೆ ನೋಡಲು ಹೋಗುವವರು ಶನಿವಾರ ಬಸ್ಸಿನಲ್ಲಿ ಬನ್ನಿ, ಕಾರು ತಳ್ಳುವ ಕಷ್ಟವಿಲ್ಲ, ಆಫೀಸಿಗೆ ಫೋನ್ ಮಾಡಿ ಸೀಟು ಹೇಳಿ ಎಂದು. ನವರಾತ್ರಿಯ ಮಿಕ್ಕ ದಿನವೆಲ್ಲ ಕೆಲಸ, ಶಾಲೆ. ಗೊಂಬೆ ನೋಡಿ ಅರಿಶಿನ ಕುಂಕುಮ ತೆಗೆದುಕೊಳ್ಳಲು ಎಲ್ಲರಿಗೂ ಉಳಿಯುವುದು ಆ ಒಂದೇ ಶನಿವಾರ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಮೊದಲು ಒಪ್ಪಿದರು. ಅವರು ಒಪ್ಪಿದರೆ ಗುಂಪೇ ಒಪ್ಪಿದ ಹಾಗೆ.

"ಅಕ್ಕ, ನಮ್ಮತ್ತೇನೂ ಕರ್ಕೊಂಡ್ ಬರ್ತೀನಿ. ಮೈಸೂರಿಂದ ಬಂದಾಗಿಂದ ಬೋರು ಬೋರು ಅಂತಿದಾರೆ. ಮುಂದಿನ ಸೀಟು ಕೊಡಿ, ಇಲ್ದಿದ್ರೆ ವಾಂತಿ."

"ಮುಂದಿನ ಸೀಟಲ್ಲಿ ಒಬ್ಬರು ಖಾಯಂ ಕೂರ್ತಾರೆ ಡಾಕ್ಟ್ರೇ."

"ಸರಿ, ಮಾತ್ರೆ ಕೊಟ್ಟು ಕರ್ಕೊಂಡ್ ಬರ್ತೀನಿ ಬಿಡಿ. ಮಾತ್ರೆ ಕೊಡೋದೇ ನನ್ ಕೆಲಸ."

ಆ ಶನಿವಾರ ಯಾರನ್ನು ಮೊದಲು ಹತ್ತಿಸಬೇಕು ಎಂಬುದನ್ನು ಆಫೀಸಿನ ಕಂಪ್ಯೂಟರು ತನಗೆ ತೋಚಿದ ಹಾಗೆ ತೀರ್ಮಾನಿಸಿತ್ತು. ಮುದುಕರ ಮನೆ ಮೊದಲು. ಆಮೇಲೆ ನಮ್ಮವರ ಮನೆಗಳು, ಒಂದಾದ ಮೇಲೊಂದು. ಕೊನೆಗೆ ಚರ್ಚಿನ ಹಾಲು. ಪ್ರತಿ ಬಾಗಿಲಿನಲ್ಲೂ ಕಂಚಿಯ ಸೀರೆಯ ಮೇಲೆ ದಪ್ಪ ಜಾಕೆಟ್ಟು ತೊಟ್ಟವರು ನಿಂತಿದ್ದರು. ಸೀಟ್‌ಬೆಲ್ಟ್ ಹಾಕದೆ ಬಸ್ಸು ಅಲುಗಿಸುವ ಹಾಗಿಲ್ಲ. ಒಬ್ಬರ ಬೆಲ್ಟಿಗೆ ಇನ್ನೊಬ್ಬರ ಸೆರಗು ಸಿಕ್ಕಿಕೊಂಡು, ಅದನ್ನು ಬಿಡಿಸಿ, ಮತ್ತೆ ಹಾಕಿ, ಒಂದೊಂದು ಮನೆಯೂ ನಿಧಾನವಾಯಿತು. ಚಳಿ ಚಳಿ ಎಂದು ಹೀಟರ್ ಹೆಚ್ಚಿಸಿದ್ದರಿಂದ ಬಸ್ಸಿನೊಳಗೆ ಮೈಸೂರಿನ ಏಪ್ರಿಲ್ ತಿಂಗಳು. ಮುದುಕರು ಕೋಟಿನ ಗುಂಡಿ ಬಿಚ್ಚಿದರು. "ಇವತ್ತು ನಾವಿಬ್ಬರೇ ಅಲ್ಲ" ಎಂದರು, ಯಾರಿಗೂ ಹೇಳದೆ.

ಕೊನೆಯವರನ್ನೂ ಹತ್ತಿಸಿಕೊಂಡಾಯಿತು. ಮೊದಲ ಗೊಂಬೆ ಮನೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಹುಡುಗಿಯದು. ಅವರ ಅಂಗಳದಲ್ಲಿ ಬಸ್ಸು ನಿಲ್ಲಿಸಿ ಬಾಗಿಲು ತೆಗೆದೆ. ಎಲ್ಲರೂ ಬೆಲ್ಟು ಬಿಚ್ಚಿ ಎದ್ದು ನಿಂತರು. ಟೆಸ್ಟಿಂಗ್ ಹುಡುಗಿಯೂ ಎದ್ದು ನಿಂತಳು.

"ನೀನ್ಯಾಕೆ ಇಲ್ಲಿದ್ದೀಯ?" ಎಂದರು ಡಾಕ್ಟರಮ್ಮ.

"ಗೊಂಬೆ ನೋಡಕ್ಕೆ."

"ಇದು ನಿಮ್ಮನೆ ಕಣೇ."

"ಹೌದು. ನೀವೆಲ್ಲ ನಮ್ಮನೆಗೆ ಲೇಟಾಗಿ ಬರ್ತೀರ ಅನ್ಕೊಂಡೆ. ಅಷ್ಟರೊಳಗೆ ನಾನು ಎಲ್ಲರ ಮನೆ ಮುಗಿಸಿ ಬಂದ್ಬಿಡೋಣ ಅಂತ..."

"ನಾನೂ ಹಂಗೇ ಅನ್ಕೊಂಡೆ" ಎಂದಿತು ಹಿಂದಿನಿಂದ ಒಂದು ದನಿ. "ನಾನೂ" ಎಂದಿತು ಇನ್ನೊಂದು.

ಗೊಂಬೆ ಕೂರಿಸಿದ ಏಳು ಮನೆಯ ಯಜಮಾನಿಯರೂ ಬಸ್ಸಿನೊಳಗೇ ಇದ್ದರು. ಎಲ್ಲರೂ ಹೋಗುವವರೇ. ಬಂದವರನ್ನು ಬನ್ನಿ ಎನ್ನುವವರು ಕೆರೆಯ ಸುತ್ತ ಒಬ್ಬರೂ ಇರಲಿಲ್ಲ.

"ಮನೇಲಿ ನಮ್ ಯಜಮಾನ್ರು ಇದಾರಲ್ಲ, ಬಾಗಿಲು ತೆಗೀತಾರೆ" ಎಂದಳು ಟೆಸ್ಟಿಂಗ್ ಹುಡುಗಿ ಮೆಲ್ಲಗೆ.

ಡಾಕ್ಟರಮ್ಮನ ಅತ್ತೆ ಅಲ್ಲಿಯವರೆಗೆ ಮಾತ್ರೆಯ ಮಂಪರಿನಲ್ಲಿದ್ದರು. ಈಗ ಪೂರ್ತಿ ಎಚ್ಚರವಾದರು. "ಗಂಡಸು ಕುಂಕುಮ ಕೊಡ್ತಾನೇನೇ? ಟೀವಿ ರಿಮೋಟ್ ಹಿಡ್ಕೊಂಡಿರೋ ಕೈಲಿ?"

ಅತ್ತೆಯವರೇ ತೀರ್ಪು ಕೊಟ್ಟರು. ಎಲ್ಲರೂ ಎಲ್ಲರ ಮನೆಗೂ ಹೋಗುವುದು. ಪ್ರತಿ ಮನೆಯಲ್ಲೂ ಆ ಮನೆಯವಳು ಮೊದಲು ಇಳಿದು ಬಾಗಿಲು ತೆಗೆಸಿ ದೀಪ ಹಚ್ಚುವುದು, ಮಿಕ್ಕವರು ಹಿಂದೆ ಹೋಗಿ ಕುಂಕುಮ ತೆಗೆದುಕೊಳ್ಳುವುದು, ಆಮೇಲೆ ಅವಳೂ ಬಾಗಿಲು ಎಳೆದುಕೊಂಡು ಮತ್ತೆ ಬಸ್ಸು ಹತ್ತುವುದು. ಎಲ್ಲರೂ ಇಳಿದು ಒಳಗೆ ಹೋದರು. ಬಸ್ಸಿನಲ್ಲಿ ಪ್ರಯಾಣಿಕರಿರುವಾಗ ಡ್ರೈವರು ಸುಮ್ಮನೆ ಬಿಟ್ಟು ಹೋಗುವ ಹಾಗಿಲ್ಲ, ಹಾಗಾಗಿ ನಾನೂ ಮುದುಕರೂ ಉಳಿದೆವು. ಒಳಗಿನಿಂದ ಅತ್ತೆಯವರ ಹಾಡು ಶುರುವಾಯಿತು. ಗೊಂಬೆಗೆ ಆರತಿ ಎತ್ತುವಾಗ ಹಾಡಬೇಕು, ಸರಿ. ಆದರೆ ಅವರಿಗೆ ಬರುವ ಆರತಿಯ ಹಾಡಿಗೆ ಚರಣಗಳು ದ್ರೌಪದಿಯ ಸೀರೆಯ ಹಾಗೆ, ಎಳೆದಷ್ಟೂ ಬರುತ್ತಲೇ ಇದ್ದವು.

ಮುದುಕರು ಗಡಿಯಾರ ನೋಡಿದರು. "ಎಲ್ಲ ಮನೆಯಲ್ಲೂ ಹೀಗೇನಾ?"

"ಹೌದು."

"ಇನ್ನೂ ಆರು?"

"ಆರು."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾನು ಎಂಟಕ್ಕೆ ಕೂರದಿದ್ದರೆ ನನ್ನ ಪಾರ್ಟ್‌ನರ್ ಬೇರೆಯವರ ಜೊತೆ ಆಡಿಬಿಡುತ್ತಾನೆ. ಒಂದು ಸಲ ಜೋಡಿ ಬಿಟ್ಟರೆ ಮತ್ತೆ ಸಿಗೋದಿಲ್ಲ. ಹೋದ ವರ್ಷ ಒಬ್ಬರು ಹಾಗೆ ಬಿಟ್ಟು, ಈಗ ಗೋಡೆ ಪಕ್ಕ ಕೂತು ಟೀ ಕುಡಿಯುತ್ತಾರೆ."

ನಿಯಮದ ಪ್ರಕಾರ ನಾನು ಒಂದು ಬಾಗಿಲಿನಲ್ಲಿ ನಾಲ್ಕು ನಿಮಿಷ ಕಾಯಬೇಕು, ಆಮೇಲೆ ಬಿಟ್ಟು ಹೋಗಬಹುದು. ಹೆಂಗಸರನ್ನು ಬಿಟ್ಟು ಹೋದರೆ ಕೆರೆಯ ಸುತ್ತ ನನಗೆ ಇನ್ನೊಂದು ಲೋಟ ಕಾಫಿ ಹುಟ್ಟುವುದಿಲ್ಲ. ಮುದುಕರನ್ನು ತಡಮಾಡಿಸಿದರೆ ಈ ಬಸ್ಸಿನ ಏಕೈಕ ಖಾಯಂ ಗಿರಾಕಿಗೆ ದ್ರೋಹ. ಆಫೀಸಿಗೆ ಫೋನ್ ಮಾಡಿದೆ. ಸಂಜೆ ಯಾರೂ ಎತ್ತುವುದಿಲ್ಲ ಎಂದು ಗೊತ್ತಿತ್ತು, ಎತ್ತಲಿಲ್ಲ. ಟೆಸ್ಟಿಂಗ್ ಹುಡುಗಿ ಕುಂಕುಮದ ಬಟ್ಟಲು ಹಿಡಿದು ಡ್ರೈವರ್ ಕಿಟಕಿಗೇ ಬಂದಳು. "ಅಕ್ಕ, ನೀವೂ ತಗೊಳ್ಳಿ. ಮುತ್ತೈದೆ ಬಾಗಿಲ ತನಕ ಬಂದು ಬರಿಗೈಲಿ ಹೋಗಬಾರದು." ಕುಂಕುಮ ಇಟ್ಟುಕೊಂಡೆ. ಹಣೆಗೆ ತಣ್ಣಗೆ ತಾಕಿದ್ದೇ ತಡ, ಒಂದು ಉಪಾಯ ಹೊಳೆಯಿತು.

ಎಂಜಿನ್ ಆರಿಸಿ, ಬೀಗದ ಕೈ ಕೈಯಲ್ಲಿ ಹಿಡಿದು, ಎದುರಿಗಿದ್ದ ಹೊಸ್ತಿಲವರೆಗೆ ಮಾತ್ರ ಹೋದೆ.

"ಅಮ್ಮಾ, ಹಾಡು ನಿಲ್ಲಿಸಬೇಡಿ. ಹಾಡ್ತಾನೇ ಬಂದು ಬಸ್ ಹತ್ತಿ."

ಅತ್ತೆಯವರು ಆರತಿ ತಟ್ಟೆ ಹಿಡಿದೇ ನನ್ನ ಕಡೆ ತಿರುಗಿದರು. "ಏನಮ್ಮಾ ಬಸ್ಸಮ್ಮ, ಗೊಂಬೆ ಮುಂದೆ ಹಾಡದೆ ಬಸ್ಸಿನ ಮುಂದೆ ಹಾಡ್ಲಾ?"

"ಹಾಡು ದಾರೀಲಿ ಹಾಡ್ಕೊಂಡ್ ಬನ್ನಿ. ಒಳಗೆ ಹೋದ ತಕ್ಷಣ ಆರತಿ, ಕುಂಕುಮ, ಹೊರಗೆ. ದಾರಿ ಎಷ್ಟುದ್ದ ಅಂತ ನಾನು ಹೇಳ್ತೀನಿ, ಹಾಡು ಎಷ್ಟುದ್ದ ಅಂತ ನೀವು ನೋಡ್ಕೊಳ್ಳಿ. ಚರ್ಪು ಏನೇ ಕೊಟ್ರೂ ಡಬ್ಬೀಲಿ ಕಟ್ಕೊಳ್ಳಿ."

ಚರ್ಪು ಎಂದರೆ ಗೊಂಬೆ ನೋಡಲು ಬಂದವರಿಗೆ ಕೊಡುವ ತಿಂಡಿ. ಅದನ್ನು ನಿಂತು ತಿನ್ನುವುದರಲ್ಲೇ ಅರ್ಧ ಹೊತ್ತು ಹೋಗುವುದು. ಅತ್ತೆಯವರು ಒಂದು ಕ್ಷಣ ಯೋಚಿಸಿದರು. "ಮುಂದಿನ ಮನೆ ಎಷ್ಟು ದೂರ?"

"ನಿಮ್ಮ ಲೆಕ್ಕದಲ್ಲಿ ಎರಡು ಚರಣ. ಸೇತುವೆ ಹತ್ರ ಗುಂಡಿ ಇದೆ, ಅಲ್ಲಿ ರಾಗ ಎಳೀಬೇಡಿ."

ಅಲ್ಲಿಂದ ಮುಂದೆ ನಾನು ನಡೆಸಿದ ಹಾಗೆ ಬಸ್ಸು ಯಾರೂ ನಡೆಸಿರಲಾರರು. ಆ ರಸ್ತೆ ನನಗೆ ಅಂಗೈ ಗೆರೆಯಷ್ಟು ಗೊತ್ತು. ಎಲ್ಲಿ ಎದುರು ಗಾಡಿ ಬಂದರೆ ಹಿಂದಕ್ಕೆ ಹೋಗಬೇಕು, ಎಲ್ಲಿ ಕುರಿ ಅಡ್ಡ ಬರುತ್ತದೆ, ಎಲ್ಲಿ ಕತ್ತಲಲ್ಲಿ ಬೇಲಿಯ ಮುಳ್ಳು ಕನ್ನಡಿಗೆ ಹೊಡೆಯುತ್ತದೆ. ಅದನ್ನೆಲ್ಲ ಈಗ ಪಲ್ಲವಿ ಚರಣಗಳಾಗಿ ಹೇಳತೊಡಗಿದೆ. "ಈ ತಿರುವಿಗೆ ಪಲ್ಲವಿ ಮುಗೀಬೇಕು." "ಎದುರಿಗೆ ಹಾಲಿನ ಲಾರಿ, ಒಂದು ಚರಣ ಜಾಸ್ತಿ." ಮನೆಯ ಗೇಟು ದಾಟುವ ಹೊತ್ತಿಗೆ ಮಂಗಳ. ಹಿಂದಿನವರು ದನಿಗೂಡಿಸುತ್ತಿದ್ದರು. ಮನೆಯಾಕೆ ಇಳಿದು ಓಡುವಳು, ದೀಪ ಹತ್ತುವುದು, ಆರತಿ, ಪಟ್ಟದ ಗೊಂಬೆಗಳಿಗೊಂದು ನಮಸ್ಕಾರ, ಕುಂಕುಮ, ಎಲೆ ಅಡಿಕೆ, ಡಬ್ಬಿ, ಹೊರಗೆ. ಒಬ್ಬರ ಮನೆಯಲ್ಲಿ ಕನ್ನಡಿಯಿಟ್ಟು ಕೆರೆ ಮಾಡಿ ಹಂಸ ಬಿಟ್ಟಿದ್ದಾರಂತೆ, ಇನ್ನೊಬ್ಬರ ಮನೆಯಲ್ಲಿ ರಾಜರಾಣಿಯರ ಪಕ್ಕ ಉಣ್ಣೆಯ ಕುರಿಮಂದೆಯಂತೆ. ನನಗೆ ಎಲ್ಲ ವರದಿಯಲ್ಲೇ ಸಿಕ್ಕಿದ್ದು.

ಕಾಲಪಾಲಕರು ಮುದುಕರು. ಯಾರೂ ನೇಮಿಸಿರಲಿಲ್ಲ, ತಾವೇ ಆದರು. ಮೂರನೇ ಮನೆಯಿಂದ ಮುಂದೆ ಬಸ್ಸಿನ ಮೆಟ್ಟಿಲಲ್ಲಿ ನಿಂತು, "ನಾಲ್ಕು ನಿಮಿಷ, ಮಹಿಳೆಯರೇ!" ಎಂದು ಕೂಗತೊಡಗಿದರು. ಡಾಕ್ಟರಮ್ಮನ ಮನೆಯಲ್ಲಿ ಅತ್ತೆಯವರು ಹೊರಗೆ ಬಂದವರೇ ಅವರ ಹಣೆಗೆ ಗಂಧ ಹಚ್ಚಿ, ಕೈಯಲ್ಲಿ ಎರಡು ಬಾಳೆಹಣ್ಣಿಟ್ಟರು. ಮುದುಕರು ನನ್ನ ಕಡೆ ನೋಡಿದರು. "ಇದು ಏನಕ್ಕೆ?" ನಾನು ಅತ್ತೆಯವರನ್ನು ಕೇಳಿದೆ. "ಗಂಡಸರಿಗೆ ಇಷ್ಟೇ ಅಂತ ಹೇಳು" ಎಂದರು.

ಹಾಲಿನ ಮುಂದೆ ನಿಲ್ಲಿಸಿದಾಗ ಎಂಟಾಗುತ್ತಿತ್ತು. ಪಾರ್ಟ್‌ನರ್ ಬಾಗಿಲಲ್ಲೇ ನಿಂತು ರಸ್ತೆ ನೋಡುತ್ತಿದ್ದ. ಹಣೆಯ ತುಂಬ ಗಂಧ, ಕೈಯಲ್ಲಿ ಬಾಳೆಹಣ್ಣು, ಬೆನ್ನಿಗೆ ರೇಷ್ಮೆಯವರ ಹಾಡು, ಹೀಗೆ ಮುದುಕರು ಇಳಿದು ಹೋದರು. ಅವತ್ತು ಅವರೇ ಗೆದ್ದರಂತೆ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಬೇಕು. ನಮ್ಮಲ್ಲಿ ದಿನಕ್ಕೊಂದು ಟಿಕೆಟ್ ತೆಗೆದರೆ ಎಷ್ಟು ಸಲವಾದರೂ ಹತ್ತಿಳಿಯಬಹುದು. ಆದರೆ ಹತ್ತಿದ ಪ್ರತಿ ಸಲವೂ ಡ್ರೈವರು ಮೆಷಿನ್ನಿನ ಗುಂಡಿ ಒತ್ತಬೇಕು. ನಾನು ಪ್ರತಿ ಮನೆಯಲ್ಲೂ ಪ್ರತಿಯೊಬ್ಬರಿಗೂ ಒತ್ತಿದೆ. ಸೋಮವಾರ ಮ್ಯಾನೇಜರ್ ಫೋನ್ ಮಾಡಿದರು.

"ನಿಮ್ಮ ಮೆಷಿನ್ನು ಕೆಟ್ಟಿದೆ. ಶನಿವಾರ ಜಾತ್ರೆಯಷ್ಟು ಜನ ಹತ್ತಿದ್ದಾರೆ ಅಂತ ತೋರಿಸ್ತಿದೆ. ಆ ದಡದಲ್ಲಿ ಕುರಿಗಳನ್ನು ಸೇರಿಸಿದರೂ ಅಷ್ಟು ಆಗೋದಿಲ್ಲ."

"ಮೆಷಿನ್ನು ಸರಿಯಾಗಿದೆ" ಎಂದೆ. ಹೆಂಗಸರು ಅವರೇ, ಮನೆ ಬೇರೆ ಬೇರೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಡುವೆ ಎರಡು ಸಲ "ಗೊಂಬೆ?" ಎಂದು ಕೇಳಿದರು. ಕೊನೆಗೆ, "ನೀವು ಒತ್ತಿದ್ದು ಸರಿ. ಹತ್ತಿದ್ದು ಹತ್ತಿದ್ದೇ. ಆದರೆ ಮೇಲಿನವರು ನಂಬೋದಿಲ್ಲ. ಒಂದು ಹಬ್ಬದಿಂದ ಒಂದು ರೂಟು ಉಳಿಯೋದಿಲ್ಲ. ಬರೋ ಶನಿವಾರ ನಾನೇ ಬಂದು ಬಸ್ಸಿನಲ್ಲಿ ಕೂತು ನೋಡಿ ವರದಿ ಬರೀತೀನಿ. ಬರೋ ಶನಿವಾರ ಯಾವ ಹಬ್ಬ?"

"ಯಾವುದೂ ಇಲ್ಲ."

"ಹ್ಞೂಂ" ಎಂದು ಫೋನಿಟ್ಟರು.

ಮನೆಯಲ್ಲಿ ಹೇಳಿದಾಗ ಇಲ್ಲೇ ಹುಟ್ಟಿ ಬೆಳೆದ ಮಗಳು ಅವಳ ಐರಿಷ್ ರಾಗದಲ್ಲಿ, "ಮ್ಯಾಮ್, ಯು ವರ್ ರನ್ನಿಂಗ್ ಅ ಪಾರ್ಟಿ ಬಸ್" ಎಂದು ನಕ್ಕಳು. ಯಜಮಾನರು ಸಮಾಧಾನಕ್ಕೆ ತಾವೇ ಕಾಫಿ ಮಾಡಿದರು. ಅದನ್ನು ಕುಡಿದ ಮೇಲೆ ಚಿಂತೆ ಇನ್ನೂ ಹೆಚ್ಚಾಯಿತು.

ಡಾಕ್ಟರಮ್ಮನಿಗೆ ಗೊತ್ತಾದದ್ದೇ ಗುಂಪಿಗೆ ಕರೆ ಕೊಡಲು ಹೊರಟರು. "ಎಲ್ಲರೂ ಬಂದು ಕೂತ್ಕೋತೀವಿ ಅಕ್ಕ. ಕೆರೆ ಒಂದು ಸುತ್ತು ಹಾಕ್ಸಿ ಬಿಟ್ಬಿಡಿ."

ನಾನು ಒಪ್ಪಲಿಲ್ಲ. ಹೋಗುವ ಜಾಗವಿಲ್ಲದೆ ಬಸ್ಸಿನಲ್ಲಿ ಕೂತರೆ ಅದು ಪ್ರಯಾಣವಲ್ಲ, ನಾಟಕ. ಮ್ಯಾನೇಜರ್ ಕಣ್ಣೆದುರಿಗೆ ನಾನು ಹಾಗೆ ಗುಂಡಿ ಒತ್ತಲಾರೆ ಎಂದೆ. ಅವರ ಮನೆಯ ಅಡುಗೆಮನೆಯಲ್ಲಿ ನಡೆದ ಮಾತಿದು. ಅತ್ತೆಯವರು ಕಿಟಕಿಯ ಬಳಿ ಕೂತು ಅವರೆಕಾಳಿಲ್ಲದ ದೇಶದಲ್ಲಿ ಬಟಾಣಿ ಬಿಡಿಸುತ್ತಿದ್ದರು.

"ಹೋಗೋಕ್ಕೊಂದು ಜಾಗ ಬೇಕು, ಅಷ್ಟೇ ತಾನೆ?" ಎಂದರು. "ಆ ಮುದುಕ ಎಲ್ಲಿಗೆ ಹೋಗ್ತಾನೆ?"

"ಇಸ್ಪೀಟಾಡೋಕೆ ಅಮ್ಮ."

"ಪ್ರತಿ ಶನಿವಾರಾನಾ?"

"ಹೌದು."

"ಯಾರೂ ಬೈಯಲ್ವಾ?"

"ಚರ್ಚಿನ ಹಾಲಲ್ಲೇ ಆಡೋದು. ಪಾದ್ರಿಗಳೂ ಕೂರ್ತಾರಂತೆ."

ಬಟಾಣಿ ಬಿಡಿಸುವುದು ನಿಂತಿತು. ಸೊಸೆಯ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು. "ನಮ್ಮ ಅಕ್ಕತಂಗೀರು ಐದು ಜನ, ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಆಡ್ತಿದ್ವಿ. ಮದುವೆ ಆದ್ಮೇಲೆ ಎಲೆ ಮುಟ್ಟಿಲ್ಲ. ಈ ಊರಲ್ಲಿ ದೇವರ ಮನೇಲೇ ಆಡ್ತಾರೆ ಅಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲ! ಬಸ್ಸಮ್ಮ, ನನಗೊಂದು ಸೀಟು ಹೇಳು. ಮುಂದಿನ ಸೀಟು. ಆ ಮಾತ್ರೆ ನುಂಗಿ ಎಲೆ ಹಿಡಿಯಕ್ಕಾಗಲ್ಲ."

ಅತ್ತೆಯವರೊಬ್ಬರೇ ಹೋಗುವುದು ಹೇಗೆಂದು ಡಾಕ್ಟರಮ್ಮ. ಡಾಕ್ಟರಮ್ಮ ಹೋಗುತ್ತಾರೆ ಎಂದು ಟೆಸ್ಟಿಂಗ್ ಹುಡುಗಿ. ಇವರೆಲ್ಲ ಎಲ್ಲಿಗೋ ಹೋಗುತ್ತಿದ್ದಾರೆ, ನಮ್ಮನ್ನು ಕರೆದಿಲ್ಲ ಎಂದು ಮಿಕ್ಕವರು. ನಮ್ಮ ಜನಕ್ಕೆ ಒಂದು ಊಟ ತಪ್ಪಿದರೂ ತಡೆದೀತು, ಕರೆಯದ ಕಡೆ ಎಲ್ಲರೂ ಸೇರಿದ್ದಾರೆ ಎಂಬುದು ತಡೆಯುವುದಿಲ್ಲ. ಶುಕ್ರವಾರ ಆಫೀಸಿನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತಂತೆ.

ಶನಿವಾರ ಮ್ಯಾನೇಜರ್ ಕಾರಿನಲ್ಲಿ ಡಿಪೋಗೆ ಬಂದು, ಬಸ್ಸು ಹತ್ತಿ ಹಿಂದಿನ ಮೂಲೆಯ ಸೀಟಿನಲ್ಲಿ ಕೂತರು. ಕಂಪ್ಯೂಟರು ಈ ಸಲ ನಮ್ಮವರನ್ನು ಮೊದಲು, ಮುದುಕರನ್ನು ಕೊನೆಗೆ ಹಾಕಿತ್ತು. ಅತ್ತೆಯವರು ಮುಂದಿನ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟು ಕೂತರು. ಎರಡು ಮನೆಯಿಂದ ಗಂಡಂದಿರೂ ಬಂದರು, ಏನು ನಡೆಯುತ್ತಿದೆ ನೋಡೋಣ ಎಂದು. ಮುದುಕರ ಮನೆ ಮುಟ್ಟುವ ಹೊತ್ತಿಗೆ ಒಂದು ಸೀಟೂ ಖಾಲಿಯಿರಲಿಲ್ಲ. ನಿಂತು ಹೋಗಲು ಈ ಬಸ್ಸಿನಲ್ಲಿ ಅನುಮತಿಯಿಲ್ಲ. ಬಾಗಿಲು ತೆಗೆದೆ. ಮುದುಕರು ಮೆಟ್ಟಿಲೇರಿ, ತಮ್ಮ ಸೀಟು ನೋಡಿದರು, ಅದರಲ್ಲಿದ್ದವರನ್ನು ನೋಡಿದರು, ನನ್ನನ್ನು ನೋಡಿದರು.

"ಅದು ನನ್ನ ಸೀಟು."

"ಏನಂತೆ?" ಎಂದರು ಅತ್ತೆಯವರು.

"ನಿಮ್ಮ ಸೀಟು ಅವರದಂತೆ."

"ಹೆಸರು ಬರೆದಿದ್ಯಾ?"

ನಾನು ಅನುವಾದ ಮಾಡಲಿಲ್ಲ. ಕನ್ನಡಿಯಲ್ಲಿ ಮ್ಯಾನೇಜರನ್ನು ನೋಡಿದೆ. ಅವರು ನಿಧಾನವಾಗಿ ಬೆಲ್ಟು ಬಿಚ್ಚಿ ಎದ್ದರು. ಬಸ್ಸು ಖಾಲಿಯಿದೆಯೇ ಎಂದು ನೋಡಲು ಬಂದವರಿಗೆ ಬಸ್ಸಿನಲ್ಲಿ ಜಾಗವಿಲ್ಲದೆ, ಮ್ಯಾನೇಜರ್ ಆ ಚಳಿಯಲ್ಲಿ ಕೆಳಗಿಳಿದರು. ಡಾಕ್ಟರಮ್ಮ ಮನೆಗೆ ಫೋನ್ ಮಾಡಿ ಯಜಮಾನರನ್ನು ಕಾರು ಸಮೇತ ಕರೆಸಿದ ಮೇಲೆ, ನಮ್ಮ ಹಿಂದೆಯೇ ಕಾರಿನಲ್ಲಿ ಬಂದರು. ಮುದುಕರು ಹಿಂದಿನ ಮೂಲೆಗೆ ಹೋಗಿ, ಗಾಲಿಯ ಮೇಲಿನ ಸೀಟಿನಲ್ಲಿ, ಪ್ರತಿ ಗುಂಡಿಗೂ ಒಂದು ಸಲ ಮೇಲೆದ್ದು ಕೂರುತ್ತಾ ಬಂದರು.

ಅಲ್ಲಿ ಆಡುವ ಆಟದಲ್ಲಿ ತುರುಫಿನ ಐದು ಎಲ್ಲಕ್ಕಿಂತ ದೊಡ್ಡದು, ಆಮೇಲೆ ಗುಲಾಮ, ಆಮೇಲೆ ತುರುಫು ಯಾವುದೇ ಇರಲಿ ಆಟೀನಿನ ಎಕ್ಕ. ನನ್ನ ವಿರಾಮದ ಹೊತ್ತು, ಫ್ಲಾಸ್ಕಿನ ಕಾಫಿ ಹಿಡಿದು ಅತ್ತೆಯವರ ಹಿಂದೆ ನಿಂತಿದ್ದೆ. ಪಾದ್ರಿಗಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. "ಐದು ರಾಜನಿಗಿಂತ ದೊಡ್ಡದಾ? ಒಳ್ಳೇ ಊರಮ್ಮ ಇದು" ಎಂದು ಅತ್ತೆಯವರು ಎಲೆ ಬಿಡಿಸಿ ಹಿಡಿದರು. ಗೋಡೆ ಪಕ್ಕ ಟೀ ಕುಡಿಯುತ್ತಾ ಕೂತಿರುತ್ತಿದ್ದವರೇ ಅವರಿಗೆ ಜೋಡಿಯಾಗಿ ಸಿಕ್ಕರು. ಇಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ, ಹುಬ್ಬು ಸಾಕಾಗಿತ್ತು. ಮೊದಲ ಎರಡು ಆಟ ಸೋತರು. ಆಮೇಲೆ ಸೋಲಲಿಲ್ಲ. ಕೊನೆಯ ಆಟ ಮುದುಕರ ಮೇಲೆ. ಮುದುಕರು ಆಟೀನಿನ ಎಕ್ಕ ಹಾಕಿ ಹಿಂದಕ್ಕೊರಗಿ ಕೂತರು. ಅತ್ತೆಯವರು ಬಳೆ ಮೇಲಕ್ಕೇರಿಸಿ, ತುರುಫಿನ ಐದನ್ನು ಮೇಜಿನ ಮೇಲೆ, ಅದು ತಿರುಗಿ ಏಳಬಾರದು ಎಂಬ ಹಾಗೆ ಇಟ್ಟರು. ಬಹುಮಾನ ಒಂದು ಚೀಲ ಆಲೂಗಡ್ಡೆ. ಅದನ್ನು ಬಸ್ಸಿಗೆ ಹೊತ್ತವರು ಮ್ಯಾನೇಜರ್.

"ಚೆನ್ನಾಗಿದೆ" ಎಂದರು ಅವರು ಚೀಲವಿಳಿಸಿ. "ನಾನು ಬರೀತೀನಿ. ಆದರೆ ಇದೂ ಒಂದೇ ಶನಿವಾರ. ಮೇಲಿನವರು ಕೇಳೋದು, ಬಸ್ಸು ಇಲ್ಲದಿದ್ದರೆ ಯಾರಿಗಾದರೂ ತೊಂದರೆ ಆಗುತ್ತಾ ಅಂತ. ನಿಮ್ಮವರಿಗೆಲ್ಲ ಕಾರಿದೆ." ಆ ಮಾತು ಸುಳ್ಳಲ್ಲ. ತೊಂದರೆಯಾಗುವ ಒಬ್ಬರು ಹಿಂದಿನ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಮನೆ ಬಂದಾಗ ಮಾತಾಡದೆ ಇಳಿದುಹೋದರು.

ವಾರದ ನಡುವೆ ಮ್ಯಾನೇಜರ್ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಕೈ ಜೋಡಿಸಿ ಗಂಭೀರವಾಗಿ ಕೂತಿದ್ದರು. "ನಿಮ್ಮ ರೂಟಿನ ಮೇಲೆ ಒಂದು ದೂರು ಬಂದಿದೆ." ಸೆರಗು ಸಿಕ್ಕಿದ್ದೋ, ಹಾಡೋ, ಹೀಟರೋ ಎಂದು ಒಂದೊಂದೇ ಲೆಕ್ಕ ಹಾಕಿದೆ.

"ಕೂರಲು ಸೀಟಿಲ್ಲ ಅಂತ. ವಯಸ್ಸಾದ, ಕಣ್ಣು ಕಾಣದ, ಬೇರೆ ಗಾಡಿಯಿಲ್ಲದ ಪ್ರಯಾಣಿಕರು. ಸೋಮವಾರ ಆಫೀಸು ತೆಗೆಯೋ ಮುಂಚೇನೇ ಫೋನ್ ಮಾಡಿ ಕಾಯ್ತಾ ಇದ್ದರು. ಪ್ರತಿ ಶನಿವಾರ ಹೋಗಲೇಬೇಕು, ಬಸ್ಸು ಬಿಟ್ಟರೆ ಗತಿಯಿಲ್ಲ, ಬಸ್ಸಿನಲ್ಲಿ ಜಾಗ ಇಲ್ಲ ಅಂತ ಒಂದೊಂದಾಗಿ ಬರೆಸಿದ್ದಾರೆ." ಮ್ಯಾನೇಜರ್ ಅಲ್ಲಿಯವರೆಗೆ ತಡೆದಿದ್ದ ನಗುವನ್ನು ಬಿಟ್ಟರು. "ಈ ಕೆಲಸದಲ್ಲಿ ಇಷ್ಟು ವರ್ಷ ಆಯಿತು. ಜನ ತುಂಬಿದ್ದಾರೆ ಅಂತ ದೂರು ಬಂದಿರೋ ರೂಟನ್ನು, ಜನ ಇಲ್ಲ ಅಂತ ನಿಲ್ಲಿಸಿದವರನ್ನು ನಾನು ನೋಡಿಲ್ಲ. ದೂರನ್ನು ಹಾಗೇ ಮೇಲಿನವರಿಗೆ ಕಳಿಸಿದ್ದೀನಿ. ಉತ್ತರಾನೂ ಬಂತು. ಮುಂದಿನ ವರ್ಷದವರೆಗೆ ಓಡಿಸಿ."

ಆ ಶನಿವಾರ ಮಳೆ. ಮುದುಕರ ಬಾಗಿಲಲ್ಲಿ ನಿಲ್ಲಿಸಿದಾಗ ಮುಂದಿನ ಸೀಟಿನಲ್ಲಿ ಅತ್ತೆಯವರು ಹೋದ ವಾರದಂತೆಯೇ ಕೂತಿದ್ದರು. ಹಿಂದೆ ಒಂದು ಸೀಟು, ಅದೇ ಗಾಲಿಯ ಮೇಲಿನದು, ಉಳಿದಿತ್ತು. ಮುದುಕರು ಮೆಟ್ಟಿಲ ಮೇಲೆ ನಿಂತು ಕೇಳಿದರು:

"ನನ್ನ ದೂರು ಏನಾಯಿತು?"

"ಒಪ್ಪಿಕೊಂಡರು. ನೀವು ಹೇಳಿದ್ದು ಪೂರ್ತಿ ಸರಿ ಅಂದರು."

"ಅಂದರೆ ಸೀಟು ನನಗೆ?"

"ಸೀಟು ಸಿಗಲಿಲ್ಲ" ಎಂದೆ. "ಬಸ್ಸು ಸಿಕ್ಕಿತು."

ಅವರು ಅಲ್ಲೇ ನಿಂತರು. ಕೋಟಿನ ಮೇಲಿಂದ ಮಳೆನೀರು ಬಸ್ಸಿನೊಳಗೆ ತೊಟ್ಟಿಕ್ಕುತ್ತಿತ್ತು. ನನ್ನ ಮುಖವನ್ನೂ, ತುಂಬಿದ ಬಸ್ಸನ್ನೂ ಆ ಮಂಜುಗಣ್ಣಿನಲ್ಲೇ ಒಂದು ಸುತ್ತು ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆಯವರಿಗೆ ತಡೆಯಲಾಗಲಿಲ್ಲ. "ಏನಂತೆ ಅವರಿಗೆ? ಬಾಗಿಲಲ್ಲಿ ನಿಂತ್ರೆ ಗೆಲ್ಲಕ್ಕಾಗತ್ತಾ? ಒಳಗೆ ಬನ್ನಿ ಅನ್ನು, ಆಟಕ್ಕೆ ಹೊತ್ತಾಯ್ತು."